ಅಕ್ಕಾರ, ಬ್ಯೋಮಕೇಶನ್ನ ನೋಡಿಲ್ಲೇನು?

ಹೌದ್ರಿ ಅಕ್ಕಾರ, ನಿನ್ನೆ ರಾತ್ರಿ ನಿಮಗ ಕೇಳಿಸಿದ್ದು ನಮ್ಮನಿ ಟಿವಿ ಸಪ್ಪಳನ. ಬ್ಯೋಮಕೇಶ ಬಕ್ಷಿ ಅನ್ನೋ ಪತ್ತೇದಾರಿ ಧಾರಾವಾಹಿ ಹಚ್ಚಿದ್ದೆ. ಕೊಲಿ ಮಾಡಿದಂವ ಯಾರು ಅನ್ನೋದು ಬಾಯಿಪಾಠ ಆಗೇತಿ, ಆದ್ರೂ ನೋಡ್ತೀನಿ. ಕಡೀಗೆ ಏನಾಗ್ತೈತಿ ಅಂತ ನೋಡೂದಲ್ರಿ ನಾನು. ಬ್ಯೋಮಕೇಶ ಹೆಂಗ ಅಲ್ಲೀತನ ಹೋಗ್ತಾನ ಅನ್ನೋದನ್ನ ನೋಡ್ತೀನಿ.

ದೂರದರ್ಶನದಾಗ ಅದು ಶುರು ಆಗಿದ್ದು 1993ರಾಗ. ಆವಾಗ ನಮ್ಮೂರು ಪಾಳಾದಾಗ ಟಿವಿ ನೋಡೂದಂದ್ರ ಒಬ್ರು ಒಳಗ ಕುಂತು ‘ಬಂತು, ಹೋತು, ಮತ್ತ ಬಂತು’ ಅಂತ ಒದರಬೇಕು, ಇನ್ನೊಬ್ರು ಹೊರಗ ಅಂಟೇನಾದ ಗಳಾ ತಿರುವಬೇಕು. ಮಳಿಗಾಲದಾಗ ಕರೆಂಟ್ ಹೋತಂದ್ರ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರೂದು. ಹಿಂದಿ ತಿಳೀತಿತ್ತೇನು ಅಂತೀರಾ? 1966ರಾಗ ಟಿಬೆಟಿನವರು ಬಂದು ಮುಂಡಗೋಡಿನ ಕಡೆ ನೆಲಿ ನಿಂತ ಮ್ಯಾಲ ಪ್ಯಾಟ್ಯಾಗ ಅಷ್ಟಿಷ್ಟು ಹಿಂದಿ ಎಲ್ಲಾರ ಕಿವಿಗೂ ಬೀಳ್ತಿತ್ತು. ತಿಳೀಲಾರದ್ದನ್ನ ನಮ್ಮಪ್ಪ ಹೇಳಾಂವ. ಅಂವ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿ ಓದ್ಕೋತ ಬೆಳೆದಂವ. ಕಲ್ಕತ್ತಾದಾಂವ ಆದ್ರೂ ಬ್ಯೋಮಕೇಶ ನಮ್ಮಪ್ಪಗ ಹಳೇ ಪರಿಚಯದವನಂಗ ಆಗಿಬಿಟ್ಟ.

ರಜಿತ್ ಕಪೂರ್ ಬ್ಯೋಮಕೇಶನ ಪಾರ್ಟು ಮಾಡ್ಯಾನ. ಧೋತರಾ ಉಟ್ಟು, ಮ್ಯಾಲ ಶಾಲು ಹೊದ್ದು, ಎದುರಿಗಿದ್ದಾಂವ ಮಾತಾಡಿ ಮುಗಿಸೂತನ ಸುಮ್ಮ ಕುಂದ್ರತಾನ. ನಡುವ ಬಾಯಿ ಹಾಕೂದಿಲ್ಲ. ನನಗ ಅಂವನ ಮ್ಯಾಲ ಪ್ರೀತಿ ಹುಟ್ಟಿದ್ದು ಅದಕ್ಕ ನೋಡ್ರಿ. ಹುಡುಗರು ನೋಡೂ ‘ಸಿಐಡಿ’ದಾಗ ಪಿಸ್ತೂಲು ಅದಾವು, ಪ್ರಯೋಗಾಲಯ ಐತಿ, ಬಾಗಲಾ ಒದ್ದು ಮುರಿಯೂ ದಯಾ ಅದಾನ, ಅದನ್ನೂ ಕುಂತು ನೋಡ್ತೀನಿ, ಬ್ಯಾಡ ಅನ್ನೂದಿಲ್ಲ. ಆದ್ರ ಬ್ಯೋಮಕೇಶನ ಹತ್ರ ಇರೂದು ಎರಡ ಕಿವಿ, ಎರಡ ಕಣ್ಣು. ಅವು ನಮಗೂ ಅದಾವಲ್ರಿ! ಅಂವ ಕಂಡದ್ದನ್ನೆಲ್ಲ ನಮಗೂ ತೋರಿಸಿರ್ತಾರ. ನಾವು ಲಕ್ಷ್ಯ ಕೊಟ್ಟಿರೂದಿಲ್ಲ, ಅಷ್ಟ.

‘ಮಕಡೀ ಕಾ ರಸ್’ ಅಂತ ಒಂದು ಕತಿ ಐತಿ. ಹಾಸಿಗಿ ಹಿಡಿದ ಒಬ್ಬ ಮುದುಕಗ ಜೇಡರ ಹುಳದ ವಿಷದ ಚಟಾ. ಮನಿಯವರು ಹಗಲೂ ರಾತ್ರಿ ಕಾಯ್ತಾರ, ಖೋಲಿ ಮೂಲಿ ಮೂಲಿ ಹುಡುಕ್ತಾರ. ಆದ್ರೂ ಅಂವಗ ಆ ರಸಾ ಎಲ್ಲಿಂದೋ ಸಿಗ್ತಾನ ಇರ್ತೈತಿ. ಡಾಕ್ಟರಿಗೂ ಬಗಿಹರಿಯೂದಿಲ್ಲ. ಬ್ಯೋಮಕೇಶ ಬ್ಯಾರೆ ಕೇಸಿನಾಗ ಸಿಕ್ಕೊಂಡಿರ್ತಾನ ಅಂತ ಗೆಳೆಯ ಅಜಿತ ಹೋಗಿ ನೋಡ್ಕೊಂಡು ಬರ್ತಾನ. ಬಂದು, ಖೋಲ್ಯಾಗ ಏನೇನಿತ್ತು, ಮುದುಕ ಏನ್ ಮಾಡ್ತಿದ್ದ, ಯಾರ್ ಬಂದ್ರು, ಯಾರ್ ಹೋದ್ರು ಎಲ್ಲಾ ಹೇಳ್ತಾನ. ಬ್ಯೋಮಕೇಶ ಆ ಮುದುಕನ ಮನಿ ಹೊಸ್ತಿಲಾ ತುಳಿಯೂಕಿಂತ ಮೊದಲ, ಕೇಳ್ಕೋತ ಕುಂತಲ್ಲೇ ಗುಟ್ಟು ಹಿಡೀತಾನ! ಅಜಿತ ಕಣ್ಣಾರೆ ನೋಡಿ ಬಂದಾನ, ಅಂವಗ ತಿಳಿದಿಲ್ಲ. ಇಂವ ಬರೇ ಕೇಳ್ಯಾನ, ಇಂವಗ ತಿಳಿದೈತಿ. ಮೊದಲನೇ ಸಲ ನೋಡಿದಾಗ ನಮ್ಮಪ್ಪ ‘ಭಲೇ’ ಅಂತ ತೊಡಿ ತಟ್ಟಿದ್ದು ನನಗ ಇನ್ನೂ ನೆಪ್ಪೈತಿ.

‘ರಾಸ್ತೇ ಕಾ ಕಾಂಟಾ’ ಅಂತ ಇನ್ನೊಂದು. ಹಾಡಹಗಲ ರಸ್ತೆದಾಗ ನಡಕೋತ ಹೊಂಟ ಮಂದಿ ಧೊಪ್ಪಂತ ಬಿದ್ದು ಸಾಯ್ತಾರ. ಗುಂಡಿನ ಸಪ್ಪಳಿಲ್ಲ, ಏನಿಲ್ಲ. ಎದಿಯೊಳಗ ಗ್ರಾಮೋಫೋನಿನ ಪಿನ್ನು! ಕೊಲಿಗಾರ ಎದರಿಂದ ಹೊಡೀತಾನ? ಇಲ್ರಿ, ಕೇಳಬ್ಯಾಡ್ರಿ, ನಾ ಹೇಳೂದಿಲ್ಲ. ನೋಡಿದ್ರ ‘ಅಯ್ಯ, ಇದನ್ನ ದಿನಾ ಕಾಣ್ತೀವಲ್ಲ’ ಅಂತೀರಿ.

ಮತ್ತ ಅಂವಗ ಒಂದು ಮನಿ ಐತಿ, ಅದು ನನಗ ಭಾಳ ಸೇರ್ತೈತಿ. ಸತ್ಯವತಿ ಅನ್ನಾಕಿ ಅಣ್ಣನ ಮ್ಯಾಲ ಕೊಲಿ ಆಪಾದನಿ ಬಂದಾಗ ಅಕೀ ಪರಿಚಯ. ಮುಂದ ಅಕೀನ್ನ ಲಗ್ನ ಆಗ್ತಾನ. ಅಜಿತ ಅದ ಮನ್ಯಾಗ ಉಳೀತಾನ. ಪತ್ತೇದಾರ ಅಂದ್ರ ಒಂಟಿಯಾಗಿ ಇರಬೇಕು ಅನ್ನೂದನ್ನ ಶರದಿಂದು ಬಂದೋಪಾಧ್ಯಾಯರು 1932ರಿಂದ ಬರೀಲಿಕ್ಕೆ ಹತ್ತಿದ ಈ ಕತಿಗೋಳು ಒಪ್ಪೂದಿಲ್ಲ. ಅವರು 1970ರಾಗ ತೀರಿಕೊಂಡಾಗ ಒಂದು ಕತಿ ಅರ್ಧಕ್ಕ ನಿಂತುಬಿಟ್ಟೈತಿ. ಅದನ್ನ ನೆನೆಸಿದ್ರ ಹೊಟ್ಟ್ಯಾಗ ಸಂಕಟ ಆಗ್ತೈತಿ ನನಗ.

ಧಾರಾವಾಹಿ ಮಾಡಿದಾವರು ಬಾಸು ಚಟರ್ಜಿ. ‘ರಜನೀಗಂಧಾ’, ‘ಛೋಟೀ ಸೀ ಬಾತ್’ ಮಾಡಿದಾವರ ಅವರು. ಬಸ್ಸಿಗೆ ಕಾಯೂ ಮಂದಿ, ಆಫೀಸಿಗೆ ಹೋಗೂ ಮಂದಿ, ಅಂಥಾವರ ಕತಿ ಹೇಳಿದ ಕೈ ಅದು. ಅದಕ್ಕ ಕೊಲಿ ಕತಿಯೊಳಗೂ ಚಹಾ, ಪೇಪರು, ಮನಿ ಮಾತು ಎಲ್ಲಾ ಖರೇ ಕಾಣ್ತಾವು. 1997ರಾಗ ಎರಡನೇ ಸರಣಿ ಬಂತು. ಲಾಕ್‌ಡೌನ್ ಆದಾಗ, 2020ರ ಮಾರ್ಚಿನಾಗ, ದೂರದರ್ಶನದಾವರು ಮತ್ತ ಹಾಕಿದ್ರು. ಹೊರಗ ಕಾಲಿಡಂಗಿಲ್ಲ, ನಿಮ್ಮ ಕೂಡ ಮಾತಾಡಬೇಕಂದ್ರೂ ಬೇಲಿಯಿಂದ ದೂರ ನಿಂದ್ರಬೇಕು. ಅಂಥಾ ದಿನದಾಗ ನನಗ ಅದ ಆಸರ. ಅದ ವರ್ಷ ಜೂನಿನಾಗ ಬಾಸುದಾ ತೀರಿಕೊಂಡ್ರು. ನಾನು ಅವರನ್ನ ಕಂಡಾಕಿ ಅಲ್ಲ. ಆದ್ರೂ ಆವತ್ತ ಅತ್ತೆ.

ನೀವು ಇವತ್ತ ಸಂಜಿಮುಂದ ಬರ್ರಿ ಅಕ್ಕಾರ. ಮುದುಕನ ಕತಿ ಹಚ್ತೀನಿ. ಅಜಿತ ಹೇಳೂವಾಗ ಮಾತ್ರ ಲಕ್ಷ್ಯ ಕೊಟ್ಟು ಕೇಳ್ರಿ, ಇರೂದೆಲ್ಲಾ ಅಲ್ಲೇ ಐತಿ. ಮತ್ತ ನಿಮಗ ಬ್ಯೋಮಕೇಶನಕಿಂತ ಮೊದಲ ಹೊಳೀತಂದ್ರ ನಡುವ ಹೇಳಬ್ಯಾಡ್ರಿ. ನಿಮ್ಮ ಮಗ್ಗಲಾಗ ಕುಂದ್ರಾಕಿ ನನ್ನ ಸೊಸಿ, ಅಕಿ ಇನ್ನೂ ನೋಡಿಲ್ಲ.