ಒಂದು ಗಾಡಿಯ ಧಣಿ

ನಮ್ಮ ಷಡ್ಡಕರು ಮಾತೆತ್ತಿದರೆ ‘ನಮ್ಮ ಗಾಡಿಗಳು’ ಅನ್ನುತ್ತಾರೆ. ಇರುವುದು ಒಂದು. ಮೂರು ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟು, ಸೆಕೆಂಡ್ ಹ್ಯಾಂಡು, ಬಣ್ಣ ಮಾತ್ರ ಹೊಸದು. ಪೀಣ್ಯದಲ್ಲಿ ಇಪ್ಪತ್ತು ವರ್ಷ ಸ್ಟೋರ್ಸ್ ನೋಡಿಕೊಂಡವರು, ವಿಆರ್‌ಎಸ್ ದುಡ್ಡು ಬಂದ ವಾರವೇ ಯಾರದೋ ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ಲಗ್ನಪತ್ರಿಕೆಯ ಬೆನ್ನಿಗೆ ಲೆಕ್ಕ ಹಾಕಿದರು. 26 ದಿನ, ದಿನಕ್ಕೆ 8 ಗಂಟೆ, ತಿಂಗಳಿಗೆ 208 ಗಂಟೆ. “ಡೀಸೆಲ್ ಪಾರ್ಟಿದು. ನಮ್ದು ಗಾಡಿ, ಆಪರೇಟರ್ರು, ಅಷ್ಟೇ. ಕೂತಲ್ಲಿಗೇ ಬಾಡಿಗೆ ಬರತ್ತೆ ಕಣ್ರೀ.” ಒಬ್ಬಟ್ಟಿನ ತುಪ್ಪ 208ರ ಮೇಲೆ ತೊಟ್ಟಿಕ್ಕಿತು. ಶುಭಶಕುನ ಎಂದರು.

ಆ ಲೆಕ್ಕದಲ್ಲಿ ಲಾರಿ ಇರಲಿಲ್ಲ. ಫೋರ್ಕ್‌ಲಿಫ್ಟು ಪೀಣ್ಯದಿಂದ ದಾಬಸ್‌ಪೇಟೆಗೆ ತಾನೇ ನಡೆದುಹೋಗುವ ಪ್ರಾಣಿಯಲ್ಲ. ಮೂರು ಟನ್ ಎತ್ತುವಾಗ ಮುಗ್ಗರಿಸಬಾರದೆಂದು ಬೆನ್ನಿಗೆ ಕಬ್ಬಿಣದ ಗಟ್ಟಿ ಕೂರಿಸಿರುತ್ತಾರೆ; ಹಾಗಾಗಿ ಅದರ ತೂಕವೇ ನಾಲ್ಕು ಟನ್ ದಾಟುತ್ತದೆ. ಊರ ಭಾರ ಎತ್ತುವ ಇದನ್ನು ಹೊರಲು ಇನ್ನೊಬ್ಬರಿಗೆ ಬಾಡಿಗೆ ತೆರಬೇಕು. ಊರಹಬ್ಬಕ್ಕೆಂದು ಹೋಗಿ ಹದಿನೈದು ದಿನ ಫೋನೆತ್ತದ ಆಪರೇಟರ್ರೂ ಲೆಕ್ಕದಲ್ಲಿರಲಿಲ್ಲ. ಸೀಲು ಹೋದ ಸಿಲಿಂಡರಿನ ಎಣ್ಣೆ ಹಿಡಿಯಲು ಈಗ ಕೆಳಗಿಟ್ಟಿರುವುದು ನಾದಿನಿಯ ಇಡ್ಲಿ ಹಿಟ್ಟಿನ ಬೋಗುಣಿ. ಅವಳು ಅದನ್ನು ಹುಡುಕುವುದನ್ನು ಬಿಟ್ಟಿದ್ದಾಳೆ.

ಆಯುಧಪೂಜೆಯ ದಿನ ಮುಂದಿನ ಗಾಲಿಗಳಿಗೆ ನಿಂಬೆಹಣ್ಣಿಟ್ಟು ಧಣಿಗಳು ತಾವೇ ಸೀಟೇರಿದರು. ಗಾಡಿ ರಿವರ್ಸಿನಲ್ಲಿತ್ತು. ಸಾಲದ್ದಕ್ಕೆ ಇದು ಹಿಂದಿನ ಚಕ್ರದಿಂದ ತಿರುಗುವ ಜಾತಿ. ಸ್ಟಿಯರಿಂಗ್ ಒಂಚೂರು ಅಲ್ಲಾಡಿಸಿದರೂ ಬಾಲ ಬೀಸುತ್ತದೆ. ಬಾಳೆಕಂದು, ಕಡ್ಲೆಪುರಿಯ ತಟ್ಟೆ, ಪುರೋಹಿತರ ಸ್ಕೂಟರಿನ ಕನ್ನಡಿ ಮೂರೂ ಒಂದೇ ಬೀಸಿಗೆ ಹೋದವು. ನಿಂಬೆಹಣ್ಣು ಮಾತ್ರ ಇಟ್ಟ ಹಾಗೇ ಇದ್ದವು. ಧಣಿಗಳು ಇಳಿದು, ಶಾಸ್ತ್ರ ಕೆಡಬಾರದೆಂದು, ಎರಡನ್ನೂ ಚಪ್ಪಲಿಯಲ್ಲಿ ತುಳಿದರು.

ಇನ್ನು ಬಿಲ್ಲು. ಅರವತ್ತು ದಿನದಲ್ಲಿ ಕೊಡುತ್ತೇವೆಂದ ಪಾರ್ಟಿ ಯಾವತ್ತಿನಿಂದ ಅರವತ್ತು ಎಂದು ಹೇಳಿರಲಿಲ್ಲ. ಬಾಡಿಗೆ ಕೈಗೆ ಬರುವ ಮೊದಲೇ ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯನ್ನು ಇವರು ಕೈಯಿಂದ ಕಟ್ಟಿರುತ್ತಾರೆ. ಅಕೌಂಟ್ಸ್‌ನ ಹುಡುಗ “ಗಾಡಿ ಸುಮ್ನೆ ನಿಂತಿತ್ತಲ್ಲ ಸಾರ್” ಅಂದರೆ ಇವರು ಫೋನ್ ತೆಗೆಯುತ್ತಾರೆ. ದಿನಾ ಸಂಜೆ ಆಪರೇಟರು ಅವರ್ ಮೀಟರಿನ ಫೋಟೋ ಕಳಿಸುತ್ತಾನೆ. ಮನೆಗೆ ಬಂದವರಿಗೂ ಅದನ್ನೇ ತೋರಿಸುತ್ತಾರೆ, ಉಳಿದವರು ಮೊಮ್ಮಕ್ಕಳ ಫೋಟೋ ತೋರಿಸುವ ಹಾಗೆ. “ನೋಡಿ, ನಿನ್ನೆಗಿಂತ ಏಳು ಗಂಟೆ ಜಾಸ್ತಿ.” ನಾವೂ, ಪಾಪ, ಚೆನ್ನಾಗಿದೆ ಅನ್ನುತ್ತೇವೆ.

ಇಷ್ಟಾದ ಮೇಲೆ ಮನುಷ್ಯ ತಣ್ಣಗಾದರು ಅಂದುಕೊಂಡಿದ್ದೆ. ಮೊನ್ನೆ ಮಗಳ ಮದುವೆಗೆ ಕರೆಯಲು ಗಂಡ ಹೆಂಡತಿ ಬಂದರು. ಕುಂಕುಮ ಹಚ್ಚಿ ಪತ್ರಿಕೆ ಕೊಟ್ಟರು. ಮುಹೂರ್ತ ನೋಡಿ, ಅಭ್ಯಾಸಬಲದಿಂದ ಹಿಂದೆ ತಿರುಗಿಸಿದೆ. ಪೆನ್ಸಿಲಿನಲ್ಲಿ ಬರೆದಿತ್ತು: 208 × 2 = 416.