ಹಾಯಿಗವಸು ಮೀಮಾಂಸೆ

ಶಾಸ್ತ್ರಗ್ರಂಥವು ಬಾಯಿ ತೆರೆಯುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಒಪ್ಪಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಇಲ್ಲಿ ವಿಷಯ, ಸಣ್ಣ ಹಾಯಿದೋಣಿಯ ಮುಖ್ಯಹಾಯಿಗೆ ಹೊದಿಸುವ ಗವಸು ಹರಿದಿರುವಲ್ಲಿ ಹೊಸದನ್ನು ಆರಿಸುವುದು. ಪ್ರಯೋಜನ, ಹಾಯಿ ಉಳಿಯುವುದು. ಸಂಬಂಧ, ಮುಚ್ಚುವುದಕ್ಕೂ ಮುಚ್ಚಿಸಿಕೊಳ್ಳುವುದಕ್ಕೂ ಇರುವಂಥದು. ಅಧಿಕಾರಿಯಾದರೋ ದೋಣಿಯುಳ್ಳವನು, ದೋಣಿಯ ಸಾಲ ತೀರಿಸಿದವನು, ಭಾನುವಾರ ಅದರ ಹತ್ತಿರ ಹೋಗಲು ಮನೆಯಲ್ಲಿ ಅಪ್ಪಣೆ ಪಡೆದವನು. ಮೂರೂ ಲಕ್ಷಣ ಒಬ್ಬನಲ್ಲೇ ಕೂಡುವುದು ದುರ್ಲಭವಾದ್ದರಿಂದ ಈ ಶಾಸ್ತ್ರಕ್ಕೆ ವಿದ್ಯಾರ್ಥಿಗಳು ಕಡಿಮೆ, ಭಾಷ್ಯಕಾರರು ಜಾಸ್ತಿ.

ಲಕ್ಷ್ಯವಿಲ್ಲದೆ ಲಕ್ಷಣವಿಲ್ಲ. ಆದಕಾರಣ ಸ್ಯಾನ್ ಡಿಯಾಗೋ ಬಂದರಿನಲ್ಲಿ ಕಟ್ಟಿಹಾಕಿದ ಒಂದು ಕ್ಯಾಟಲೀನಾ 22 ದೋಣಿಯನ್ನು ಲಕ್ಷ್ಯವಾಗಿ ಇಟ್ಟುಕೊಳ್ಳೋಣ. ಫ್ರಾಂಕ್ ಬಟ್ಲರ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ 1969ರ ಸುಮಾರಿಗೆ ಕಟ್ಟತೊಡಗಿದ ಈ ಮಾದರಿಯ ಪ್ರತಿಗಳು ಇಂದಿಗೆ 15,000 ದಾಟಿವೆ. ಇಷ್ಟೊಂದು ಪ್ರತಿಗಳಿರುವಾಗ ಶುದ್ಧಪಾಠ ಸುಲಭವಾಗಿ ಸಿಕ್ಕೀತೆಂದು ಪಾಮರರು ತಿಳಿಯುತ್ತಾರೆ. ಪಾಠಸಂಪಾದನೆಯ ಗಂಧವಿರುವವರಿಗೆ ಗೊತ್ತು, ಪ್ರತಿ ಹೆಚ್ಚಿದಷ್ಟೂ ಪಾಠಾಂತರ ಹೆಚ್ಚು. ಒಬ್ಬ ಕೂವೆಮರಕ್ಕೆ ರಾಟೆ ಬಡಿದಿರುತ್ತಾನೆ, ಇನ್ನೊಬ್ಬ ಹಾಯಿಯ ಬುಡ ಹಿಡಿಯುವ ಅಡ್ಡದಂಡವಾದ ಬೂಮನ್ನೇ ಬದಲಿಸಿರುತ್ತಾನೆ, ಮೂರನೆಯವನು ಏನು ಮಾಡಿದ್ದಾನೆಂದು ಅವನಿಗೂ ತಿಳಿಯದು.

ಈಗ ಪೂರ್ವಪಕ್ಷ. ಗವಸು ಇರುವುದು ಮಳೆಗಾಗಿ ಎನ್ನುತ್ತಾರೆ ಪ್ರಾಚೀನರು. ಅವರ ಮಾತಿಗೆ ಚರಿತ್ರೆಯ ಆಧಾರವಿದೆ. 1851ರಲ್ಲಿ ಐಲ್ ಆಫ್ ವೈಟ್ ದ್ವೀಪದ ಸುತ್ತ ನಡೆದ ಪಂದ್ಯದಲ್ಲಿ ‘ಅಮೆರಿಕ’ ಎಂಬ ಹಡಗು ಗೆದ್ದು, ತನ್ನ ಹೆಸರನ್ನೇ ಕಪ್ಪಿಗೆ ಕೊಟ್ಟಿತಲ್ಲ, ಅದರ ಹಾಯಿ ಬಿಗಿಯಾಗಿ ನೇಯ್ದ ಹತ್ತಿಯದು. ಇಂಗ್ಲಿಷರದು ನಾರಗಸೆಯ ಜೋಲು ಹಾಯಿ. ಹತ್ತಿಯಾಗಲಿ ನಾರಾಗಲಿ, ನೆನೆದದ್ದನ್ನು ಮಡಿಸಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಆ ಕಾಲಕ್ಕೆ ಮಳೆಯೇ ವೈರಿ. ಆದರೆ 1950ರ ದಶಕದಿಂದ ಹಾಯಿಗಳು ಪಾಲಿಯೆಸ್ಟರಿನವಾದವು. ಅಮೆರಿಕದವರು ಡೇಕ್ರಾನ್ ಎಂದೂ ಇಂಗ್ಲೆಂಡಿನವರು ಟೆರಿಲೀನ್ ಎಂದೂ ಕರೆಯುವ ಈ ದ್ರವ್ಯವನ್ನು ನೀರು ಕೊಳೆಸಲಾರದು. ಮೇಲಾಗಿ ಸ್ಯಾನ್ ಡಿಯಾಗೋದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 250 ಮಿಲಿಮೀಟರು. ಆಗುಂಬೆಯವರು ಅದನ್ನು ಒಂದು ಮಧ್ಯಾಹ್ನದ ಲೆಕ್ಕಕ್ಕೆ ಹಿಡಿದಾರು.

ಹಾಗಾದರೆ ವೈರಿ ಯಾರು? ಅನುಮಾನಪ್ರಮಾಣವನ್ನು ಹೂಡೋಣ. ಹಾಯಿ ನಶಿಸುತ್ತದೆ, ಏಕೆಂದರೆ ಬಿಸಿಲಿಗೆ ಬಿದ್ದಿದೆ, ಯಾವುದು ಯಾವುದು ಬಿಸಿಲಿಗೆ ಬೀಳುವುದೋ ಅದದು ನಶಿಸುತ್ತದೆ, ತಾರಸಿಯ ಮೇಲಿನ ಪ್ಲಾಸ್ಟಿಕ್ ಬಕೆಟ್ಟಿನಂತೆ. ಅತಿನೇರಳೆ ಕಿರಣ ಎಳೆಎಳೆಯಾಗಿ ಪಾಲಿಯೆಸ್ಟರನ್ನು ಪುಡಿಗೊಳಿಸುತ್ತದೆ. ಮೊದಲು ಹೋಗುವುದು ಹೊಲಿಗೆಯ ದಾರ. ಹೀಗೆ ಮಳೆಗೆಂದು ಹುಟ್ಟಿದ ಗವಸು ಬಿಸಿಲಿಗೆಂದು ಬಾಳುತ್ತಿದೆ. ಕಸುಬು ಬದಲಾದರೂ ಆಕಾರ ಬದಲಾಗಲಿಲ್ಲ ಎಂಬುದನ್ನು ಪಂಡಿತವರ್ಗ ಲಜ್ಜೆಯಿಲ್ಲದೆ ಗಮನಿಸಬಹುದು.

ಇಲ್ಲಿಂದ ಮುಂದೆ ಮತಭೇದ. ಅದ್ವೈತಿಗಳ ಪ್ರಕಾರ ಹಾಯಿ, ಗವಸು ಎಂಬುದು ತೋರಿಕೆಯ ಎರಡು. ಬೂಮಿನುದ್ದಕ್ಕೂ ಎರಡು ಪಕ್ಕೆಗಳನ್ನು ಕಾಯಂ ಆಗಿ ಕಟ್ಟಿ, ಅವನ್ನು ಕೂವೆಮರದಿಂದ ಇಳಿಬಿಟ್ಟ ಸಣ್ಣ ಹಗ್ಗಗಳಲ್ಲಿ ಎತ್ತಿಹಿಡಿದು, ಹಾಯಿ ಇಳಿಸಿದೊಡನೆ ಅದು ತಾನಾಗಿ ಆ ದೊನ್ನೆಯೊಳಗೆ ಲೀನವಾಗುವಂತೆ ಮಾಡುತ್ತಾರೆ. ಮೇಲಿನ ಜಿಪ್ಪು ಎಳೆದರೆ ಮೋಕ್ಷ. ದೊಡ್ಡ ದೋಣಿಗಳಲ್ಲಿ ಈ ಮತಕ್ಕೆ ಅಪಾರ ಅನುಯಾಯಿಗಳಿದ್ದಾರೆ. ಆದರೆ ದೋಣಿ ಓಡುತ್ತಿರುವಾಗಲೂ ಆ ಪಕ್ಕೆಗಳು ಬೂಮಿನ ಮೇಲೆ ಪಟಪಟ ಹೊಡೆದುಕೊಳ್ಳುತ್ತ ಬಿಸಿಲು ಕುಡಿಯುತ್ತವೆ. ಹಾಯಿ ಏರಿಸುವಾಗ ಅದರೊಳಗಿನ ಪಟ್ಟಿಗಳು ಹಗ್ಗಕ್ಕೆ ಸಿಕ್ಕಿಕೊಳ್ಳುವ ದೋಷವೂ ಉಂಟು.

ದ್ವೈತಿಗಳು ಪಂಚಭೇದವನ್ನು ಹೇಳುತ್ತಾರೆ: ಗವಸಿಗೂ ಹಾಯಿಗೂ ಭೇದ, ಗವಸಿಗೂ ಬೂಮಿಗೂ ಭೇದ, ಹಾಯಿಗೂ ಬೂಮಿಗೂ ಭೇದ, ಒಂದು ಹಾಯಿಗೂ ಇನ್ನೊಂದು ಹಾಯಿಗೂ ಭೇದ, ಒಂದು ಗವಸಿಗೂ ಇನ್ನೊಂದು ಗವಸಿಗೂ ಭೇದ. ಗವಸು ಪ್ರತ್ಯೇಕ ಎಂಬುದಕ್ಕೆ ಅವರು ಕೊಡುವ ಪ್ರತ್ಯಕ್ಷಪ್ರಮಾಣ, ದೋಣಿ ಕಡಲಿಗೆ ಹೋದಾಗ ಗವಸು ದಕ್ಕೆಯಲ್ಲೇ ಉಳಿದಿರುವುದು. ಐದನೆಯ ಭೇದವಂತೂ ಅಂಗಡಿಯಿಂದ ಸಿದ್ಧ ಗವಸು ತಂದವರೆಲ್ಲರಿಗೂ ಅನುಭವಸಿದ್ಧ. ನಮ್ಮ ಲಕ್ಷ್ಯದ ಬೂಮ್ ಇರುವುದೇ ಸುಮಾರು 3 ಮೀಟರು, ಹಾಯಿ ಎರಡು ತೋಳಿಗೆ ಸಿಗುವಷ್ಟು. ಅದಕ್ಕೆ ಪಕ್ಕೆ, ಹಗ್ಗ, ರಾಟೆಗಳ ಅದ್ವೈತ ಅನವಶ್ಯ. ಆದ್ದರಿಂದ ಬಿಡಿ ಗವಸೇ ಸಿದ್ಧಾಂತ. ಮಧ್ಯಮಾರ್ಗಿಗಳು ಹಲವರಿದ್ದಾರೆ, ಅವರನ್ನು ಆಮೇಲೆ ನೋಡಿಕೊಳ್ಳಬಹುದು.

ದ್ರವ್ಯವಿಚಾರ. ನೀಲಿ ಟಾರ್ಪಾಲಿನವರದು ಚಾರ್ವಾಕಮತ: ಸಾಲ ಮಾಡದೆ ಮುಚ್ಚು, ಹರಿದರೆ ಇನ್ನೊಂದು ಮುಚ್ಚು. ಆ ಪಾಲಿಥೀನನ್ನು ಬಿಸಿಲೇ ಮೊದಲು ತಿನ್ನುವುದರಿಂದ ರಕ್ಷಕನೇ ರಕ್ಷ್ಯನಾಗುವ ಅನವಸ್ಥೆ ಒದಗುತ್ತದೆ. ಅದೂ ಅಲ್ಲದೆ ಟಾರ್ಪಾಲಾಗಲಿ ವಿನೈಲಾಗಲಿ ಗಾಳಿಯಾಡಗೊಡದು. ಒಳಗಿನ ತೇವ ಒಳಗೇ ನಿಂತು ಬೂಷ್ಟಾಗುತ್ತದೆ. ಶಿಷ್ಟರು ಒಪ್ಪುವ ಬಟ್ಟೆ ಅಕ್ರಿಲಿಕ್. ಉತ್ತರ ಕ್ಯಾರೊಲಿನಾದ ಗ್ಲೆನ್ ರೇವನ್ ಗಿರಣಿ 1961ರಲ್ಲಿ ಅಂಗಡಿ ಮುಂದಿನ ನೆರಳುಚಪ್ಪರಕ್ಕೆಂದು ಸನ್‌ಬ್ರೆಲ್ಲಾ ಬಟ್ಟೆಯನ್ನು ತಂದಿತು. ದೋಣಿಯವರು ಅದನ್ನು ಚಪ್ಪರದಿಂದ ಕೆಳಗಿಳಿಸಿದರು. ಇದರ ಬಣ್ಣ ನೂಲಿಗೆ ಬಳಿದದ್ದಲ್ಲ, ನೂಲು ಹುಟ್ಟುವ ಮುಂಚೆಯೇ ದ್ರಾವಣದಲ್ಲಿ ಕಲಸಿದ್ದು. ಆದ್ದರಿಂದ ಕ್ಯಾರೆಟ್ಟಿನ ಕೆಂಪು ಅದಕ್ಕಿದೆಯೇ ಹೊರತು ಮೂಲಂಗಿಯದಲ್ಲ. ಬಟ್ಟೆಗೆ 10 ವರ್ಷದ ಭರವಸೆಯುಂಟು.

ಬಟ್ಟೆಗೆ, ದಾರಕ್ಕಲ್ಲ! ಇದೇ ಈ ಶಾಸ್ತ್ರದ ಮರ್ಮಸ್ಥಾನ. ಬಟ್ಟೆ ಇನ್ನೂ ಗಟ್ಟಿಯಾಗಿರುವಾಗಲೇ ಪಾಲಿಯೆಸ್ಟರ್ ದಾರ ಬಿಸಿಲಿಗೆ ಪುಡಿಯಾಗಿ ಗವಸು ಕಳಚಿಕೊಳ್ಳುತ್ತದೆ. ದೋಸೆಕಾವಲಿಗೆ ಬಳಿಯುವ ಟೆಫ್ಲಾನಿನ ಜಾತಿಯ ದಾರವನ್ನು ಬಿಸಿಲು ಮುಟ್ಟಲಾರದು, ಬೆಲೆ ಮಾತ್ರ ಹಲವು ಪಟ್ಟು. ಬಣ್ಣಕ್ಕಾಗಿ ಮೂರು ವಾರ ವಾದ ಮಾಡುವ ಯಜಮಾನ ದಾರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಬಣ್ಣ ಹೇಗೂ ನೀಲಿಯೇ ಆಗುತ್ತದೆ.

ಅಳತೆಯ ವಿಷಯದಲ್ಲಿ ಅತ್ಯಂತ ಪ್ರಚಲಿತ ದೋಷ ಗತಾನುಗತಿಕತ್ವ, ಅಂದರೆ ಹಳೆಯ ಗವಸನ್ನೇ ನೆಲಕ್ಕೆ ಹಾಸಿ ಅಳೆಯುವುದು. ಆ ಮಾತೃಕೆ ತ್ರುಟಿತ. ಒಂದೆಡೆ ಕುಗ್ಗಿದೆ, ಒಂದೆಡೆ ಜಗ್ಗಿದೆ, ತೇಪೆಗಳೆಲ್ಲ ಪ್ರಕ್ಷಿಪ್ತ. ಅದನ್ನು ಹೊಲಿದದ್ದು ಹಿಂದಿನ ಹಾಯಿಗೆ. ಈಗಿನದು ಹೊಸದಾಗಿದ್ದರೆ ಬಿರುಸಾಗಿ, ಮಡಿಸಿದಾಗ ಎತ್ತರವಾಗಿ ನಿಲ್ಲುತ್ತದೆ. ಆದ್ದರಿಂದ ಹಾಯಿಯನ್ನು ದಿನವೂ ಮಡಿಸುವಷ್ಟೇ ಸೋಮಾರಿತನದಿಂದ ಬೂಮಿನ ಮೇಲೆ ಮಡಿಸಿ ಕಟ್ಟತಕ್ಕದ್ದು. ಅಳತೆಯ ದಿನ ಮಾತ್ರ ಅಚ್ಚುಕಟ್ಟಾಗಿ ಮಡಿಸಿದವನಿಗೆ ಒಂದೇ ದಿನ ಹೊಂದುವ ಗವಸು ದೊರೆಯುತ್ತದೆ. ಆಮೇಲೆ ಕೂವೆಮರದ ಹಿಂಬದಿಯಿಂದ ಹಾಯಿಯ ತುದಿಯವರೆಗಿನ ಉದ್ದ, ಹಗ್ಗಗಳನ್ನೂ ಸೇರಿಸಿ ಕೂವೆಮರದ ಸುತ್ತಳತೆ, ಮಡಿಸಿದ ಹಾಯಿಗಂಟಿನ ಸುತ್ತಳತೆ ಬುಡದಲ್ಲಿ, ನಡುವೆ, ಕೊನೆಯಲ್ಲಿ, ಗವಸಿನ ಕೊರಳು ಏರುವ ಎತ್ತರ, ರಾಟೆಗಳಿರುವ ಜಾಗ, ಬೂಮಿನ ಕೆಳಗೆ ಹಗ್ಗ ಇಳಿಯುವ ಸ್ಥಳಗಳು, ಇಷ್ಟನ್ನೂ ಬರೆದುಕೊಳ್ಳಬೇಕು. ಕೆಳಗೆ ತುಸು ಬಾಯಿ ಬಿಟ್ಟಿರಲಿ, ಗಾಳಿಯಾಡಲಿ.

ಬಂಧನಪ್ರಕರಣ ಸಂಕ್ಷಿಪ್ತ. ಲೋಹದ ಜಿಪ್ಪನ್ನು ಉಪ್ಪು ಕಚ್ಚಿ ಹಿಡಿಯುತ್ತದೆ, ಹಲ್ಲು ಪ್ಲಾಸ್ಟಿಕ್ಕಿನದಿರಲಿ. ವೆಲ್ಕ್ರೋ ಕಸ ಕಟ್ಟಿಕೊಂಡು ವೈರಾಗ್ಯ ತಾಳುತ್ತದೆ. ತಿರುಗಿಸುವ ಗುಂಡಿ ಹಳತು, ನಿಧಾನ, ನಂಬಿಗಸ್ತ. ಸಡಿಲ ಗವಸು ಗಾಳಿಯಲ್ಲಿ ತನ್ನನ್ನು ತಾನೇ ಬಡಿದುಕೊಂಡು ಹೊಲಿಗೆ ಬಿಚ್ಚಿಕೊಳ್ಳುವುದರಿಂದ ಬಿಗಿಯೇ ಪ್ರಧಾನ.

ಕಡೆಯದಾಗಿ ಪ್ರಾಯಶ್ಚಿತ್ತಕಾಂಡ. ಗವಸು ಬಿಚ್ಚದೆ ಹಾಯಿ ಏರಿಸಲು ಹಗ್ಗ ಜಗ್ಗಿದವನು ಕೂಡಲೇ ಕೈಬಿಡತಕ್ಕದ್ದು, ಇನ್ನೂ ಬಲವಾಗಿ ಜಗ್ಗತಕ್ಕದ್ದಲ್ಲ. ರಾಟೆ ಸಿಕ್ಕಿಕೊಂಡಿದೆಯೇ ಎಂಬಂತೆ ಕೂವೆಮರದ ತುದಿಯನ್ನು ಕೊಂಚ ಹೊತ್ತು ದಿಟ್ಟಿಸಿ, ಬಳಿಕ ಗುಂಡಿಗಳನ್ನು ಒಂದೊಂದಾಗಿ ತಿರುಗಿಸತಕ್ಕದ್ದು. ಪಕ್ಕದ ದೋಣಿಯವರು ಕೈಬೀಸಿದರೆ ತಾನೂ ಬೀಸತಕ್ಕದ್ದು.