ಮ್ಯಾಸಿ ಗೌಡರ ಬಿಗಿ ಲಿವರ್

ಮ್ಯಾಸಿ ಗೌಡರ ಟ್ರ್ಯಾಕ್ಟರಿನ ಲಿಫ್ಟ್ ಎತ್ತಬೇಕಾದರೆ ಎರಡು ಕೈ, ಒಂದು ಮೊಣಕಾಲು ಮತ್ತು ಮನೆದೇವರ ಹೆಸರು, ಇಷ್ಟೂ ಒಟ್ಟಿಗೆ ಬೇಕು. ಸೀಟಿನ ಬಲಕ್ಕಿರುವ ಆ ಲಿವರ್ ಬೇರೆಯವರ ಗಾಡಿಗಳಲ್ಲಿ ಎರಡು ಬೆರಳಿಗೆ ಆಡುತ್ತದೆ. ಗೌಡರದ್ದು ಆಡುವುದಿಲ್ಲ. ಕೇಳಿದರೆ, "ಗಟ್ಟಿ ಮಾಲು ಕಣಯ್ಯ, ಅದ್ಕೇ ಹಂಗೆ" ಎನ್ನುತ್ತಾರೆ.

ಅಪ್ಪ-ಅಮ್ಮ ಇಟ್ಟ ಹೆಸರು ಅವರ ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಊರು ಮಾತ್ರ ಮರೆತಿದೆ. ಹಳೇ ಮ್ಯಾಸಿ ಫರ್ಗ್ಯೂಸನ್ 1035 ಇಟ್ಟುಕೊಂಡ ಇಂಥವರು ನಿಮ್ಮೂರಲ್ಲೂ ಒಬ್ಬರಿರುತ್ತಾರೆ, ಹುಡುಕಿ. ಪೆನ್ನಿರಬೇಕಾದ ಜೇಬಿನಲ್ಲಿ ಸ್ಕ್ರೂಡ್ರೈವರ್. ಬಿಳಿ ಪಂಚೆಯ ಅಂಚಿಗೆ ಗ್ರೀಸಿನ ಹೆಬ್ಬೆಟ್ಟು. ಮದುವೆಮನೆಗೆ ಹೋದರೆ ಮಂಟಪದ ಮುಂದೆ ಕೂರುವ ಜಾಯಮಾನವಲ್ಲ. ಹಿತ್ತಲಲ್ಲಿ ಜನರೇಟರ್ ಪಕ್ಕ ಕುರ್ಚಿ ಹಾಕಿಸಿಕೊಂಡು, "ಫಿಲ್ಟರ್ ಕಟ್ಕೊಂಡೈತೆ, ಮುಹೂರ್ತದವರೆಗೂ ಬಂದ್ರೆ ಪುಣ್ಯ" ಎಂದು ಹೆಣ್ಣಿನ ಕಡೆಯವರ ಎದೆ ನಡುಗಿಸುತ್ತಾರೆ.

ಗೌಡರಿಗೆ ಮುತ್ತಾತನ ಹೆಸರು ನೆನಪಿಲ್ಲ, ಹ್ಯಾರಿ ಫರ್ಗ್ಯೂಸನ್ನನ ಚರಿತ್ರೆ ಬಾಯಿಪಾಠ. ಐರ್ಲೆಂಡಿನ ರೈತನ ಮಗ. ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಎಳೆದುಕೊಂಡು ಹೋಗುವ ಬದಲು ಅದರ ಬೆನ್ನಿಗೇ ಮೂರು ಕಡೆ ಬಿಗಿದು, ಎಣ್ಣೆಯ ಒತ್ತಡದಲ್ಲಿ ಎತ್ತಿ ಇಳಿಸಿದ ಪುಣ್ಯಾತ್ಮ. 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಕಾಗದ-ಪತ್ರವಿಲ್ಲದೆ ಬರೀ ಕೈಕುಲುಕಿ ವ್ಯವಹಾರ ಕುದುರಿಸಿದ. ಫೋರ್ಡನ ಮೊಮ್ಮಗನ ಕಾಲಕ್ಕೆ ಅದು ಮುರಿದು ಕೋರ್ಟು ಹತ್ತಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಟೀ ಅಂಗಡಿಯಲ್ಲಿ ಈ ಕಥೆ ಮುಗಿಯುವಾಗ ಗೌಡರು ಲೋಟ ಕೆಳಗಿಟ್ಟು, "ಅದ್ಕೇ ನಾನು ಬಾಯ್ಮಾತಿನ ಮೇಲೆ ಯಾರಿಗೂ ಏನೂ ಕೊಡಲ್ಲ" ಎನ್ನುತ್ತಾರೆ. ಟೀ ದುಡ್ಡು ಕೊಡುವುದೂ ಅದರಲ್ಲಿ ಸೇರಿದೆ. ಇನ್ನೊಂದು ಕಥೆ, 1958ರಲ್ಲಿ ಎಡ್ಮಂಡ್ ಹಿಲರಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳಲ್ಲೇ ದಕ್ಷಿಣ ಧ್ರುವ ಮುಟ್ಟಿದ್ದು. "ಧ್ರುವಕ್ಕೋಗಿ ಬಂದ ಕುಲ ಕಣಯ್ಯ ಇದು!" ಇದನ್ನು ಅವರು ಹೇಳುವುದು ಸಾಮಾನ್ಯವಾಗಿ ಗದ್ದೆ ಕೆಸರಿನಲ್ಲಿ ಮ್ಯಾಸಿ ಅರ್ಧ ಚಕ್ರ ಹೂತು, ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬರುವವರೆಗೆ ಹೊತ್ತು ಹೋಗಬೇಕಾದಾಗ.

ಯುಗಾದಿಗೆ ಬೆಂಗಳೂರಿನಿಂದ ಬಂದ ಮಗ ಲಿವರ್ ಎಳೆಯಲು ಹೋಗಿ ಭುಜ ಉಳುಕಿಸಿಕೊಂಡ. ಗೌಡತಿ ಒಬ್ಬಟ್ಟು ಬಡಿಸುತ್ತಲೇ ಮಂಗಳಾರತಿ ಎತ್ತಿದರು. ಮೆಕ್ಯಾನಿಕ್ಕನ್ನು ಕರೆಸೋಣವೆಂದರೆ, "ಅವ್ನು ಬಂದ್ರೆ ಮೊದ್ಲು ಬಿಚ್ಚೋದು ನನ್ನ ಜೇಬು." ಹೀಗಾಗಿ ಪಕ್ಕದ ಮನೆಯ ನನಗೆ ಬ್ಯಾಟರಿ ಹಿಡಿಯುವ ಕೆಲಸ ಬಿತ್ತು. ಲೋಕದಲ್ಲಿ ಇದಕ್ಕಿಂತ ಕೃತಘ್ನ ಉದ್ಯೋಗವಿಲ್ಲ. ಬೆಳಕು ಸರಿಯಾಗಿ ಬಿದ್ದರೆ ಯಾರೂ ಹೊಗಳುವುದಿಲ್ಲ. ಕೈತಪ್ಪಿ ಬಿದ್ದ ನಟ್ಟಿಗೆಲ್ಲ ನಾನೇ ಹೊಣೆ.

ಒಂದು ವಿಷಯದಲ್ಲಿ ಗೌಡರು ಶುದ್ಧ ಆಚಾರವಂತರು. ಸ್ಪ್ಯಾನರ್ ಮುಟ್ಟುವ ಮೊದಲು ಕಲ್ಟಿವೇಟರನ್ನು ನೆಲಕ್ಕೆ ಇಳಿಸಿಯೇ ಇಳಿಸುತ್ತಾರೆ. "ಎತ್ತಿರೋ ಕಲ್ಟಿವೇಟರ್ ಕೆಳಗೆ ನಮ್ಮಪ್ಪ ಎದ್ದು ಬಂದು ಕರೆದ್ರೂ ಹೋಗಲ್ಲ." ಆಮೇಲೆ ಪಾಠ: ಪಂಪು, ಅದರ ವಾಲ್ವು ಎಲ್ಲ ಗಾಡಿಯ ಹೊಟ್ಟೆಯೊಳಗೆ ಎಣ್ಣೆಯಲ್ಲಿ ಮುಳುಗಿ ಕೂತಿವೆ, ಲಿವರ್ ಬರೀ ಓಲೆಕಾರ. ಬಿಗಿ ಓಲೆಕಾರನದೋ ಒಳಗಿನ ದೊರೆಯದೋ ಮೊದಲು ನೋಡಬೇಕು. ದೊರೆಯದಾದರೆ ಸೀಟು, ಮೇಲಿನ ಮುಚ್ಚಳ ಎಲ್ಲ ಇಳಿಸಿ ನಾಲ್ಕು ಆಳು ಹೊರಬೇಕು.

ದೇವರು ದೊಡ್ಡವನು, ಓಲೆಕಾರನದೇ. ಮೂರು ಮಳೆಗಾಲ ಹೊದಿಕೆಯಿಲ್ಲದೆ ಹುಣಸೆಮರದ ಕೆಳಗೆ ನಿಲ್ಲಿಸಿದ್ದರು (ನಿಲ್ಲಿಸಿದವರು ಯಾರೆಂದು ಅಲ್ಲಿ ಚರ್ಚೆಗೆ ಬರಲಿಲ್ಲ). ಲಿವರಿನ ಶಾಫ್ಟ್ ಒಳಹೋಗುವ ಕಡೆ ನೀರಿಳಿದು ತುಕ್ಕು. ಅದರ ಮೇಲೆ ಧೂಳು, ಗ್ರೀಸು, ಕೋಳಿ ಪುಕ್ಕ ಒಟ್ಟಿಗೆ ಕಲಸಿ ಹಳೇ ರಾಗಿಮುದ್ದೆಯ ಹಾಗೆ ಗಟ್ಟಿಯಾಗಿತ್ತು. ಅಲ್ಲಿ ಇರುವುದು ಎರಡು ಲಿವರ್: ಒಂದು ಎತ್ತರಕ್ಕೆ, ಇನ್ನೊಂದು ಮಣ್ಣಿನ ಎಳೆತಕ್ಕೆ. ಎರಡರ ಶಾಫ್ಟುಗಳೂ ಒಂದರೊಳಗೊಂದು. ತುಕ್ಕು ಅವೆರಡಕ್ಕೂ ಗಂಟುಹಾಕಿ ಬಿಟ್ಟಿದ್ದರಿಂದ ಒಂದನ್ನು ಎಳೆದರೆ ಇನ್ನೊಂದೂ ಹೊಸ ಮದುಮಗಳ ಹಾಗೆ ಹಿಂದೆಯೇ ಬರುತ್ತಿತ್ತು.

ಡೀಸೆಲ್ ಅರ್ಧ, ಹಳೇ ಎಂಜಿನ್ ಆಯಿಲ್ ಅರ್ಧ ಬೆರೆಸಿ ಮೂರು ದಿನ ಬೆಳಿಗ್ಗೆ ಸಂಜೆ ಅಭಿಷೇಕ ನಡೆಯಿತು. ಸುತ್ತಿಗೆಯಲ್ಲಿ ಒಂದು ಕೊಡೋಣವೇ ಎಂದೆ. "ಸುತ್ತಿಗೆ ಎತ್ತಿದೋನು ಹೊಸ ಶಾಫ್ಟ್ ತರ್ತಾನೆ" ಎಂದು ಗದರಿದರು. ಮೂರನೇ ರಾತ್ರಿ ಅವರ ಕೊಟ್ಟಿಗೆಯಿಂದ ಠಣ್ ಠಣ್ ಸದ್ದು ಬಂತು. ಬೆಳಿಗ್ಗೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪಕ್ಕದ ಬೋಲ್ಟುಗಳನ್ನು ಬಿಚ್ಚಿ ಎಳೆದಾಗ ಶಾಫ್ಟುಗಳು ಕೆಂಪು ಕೆಸರು ಕಾರಿಕೊಂಡು ಬೇರೆಯಾದವು. ಎಮೆರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಪೂಜೆಯ ತಂಬಿಗೆಯಂತೆ ಮಾಡಿ, ಗ್ರೀಸ್ ಬಳಿದು, ಮತ್ತೆ ಕೂರಿಸಿದಾಗ ನೆಲಕ್ಕೆ ಹಾಸಿದ್ದ ಹಳೇ ಪೇಪರಿನ ಮೇಲೆ ಒಂದು ವಾಷರ್ ಉಳಿಯಿತು.

"ಅದು ಎಕ್ಸ್‌ಟ್ರಾ ಇರ್ಬೇಕು" ಎಂದು ಗೌಡರು ಅದನ್ನು ಜೇಬಿಗೆ ಹಾಕಿಕೊಂಡರು.

ಲಿವರ್ ಕಿರುಬೆರಳಿಗೆ ಆಡಿತು. ಗೌಡರು ಊರೆಲ್ಲ ನೋಡಲೆಂದು ಒಂಬತ್ತು ಹಲ್ಲಿನ ಕಲ್ಟಿವೇಟರನ್ನು ಪೂರ್ತಿ ಎತ್ತಿಕೊಂಡು ಮೆರವಣಿಗೆ ಹೊರಟರು. ಆ ವಾಷರ್ ಇದ್ದದ್ದು ಲಿವರನ್ನು ಇಟ್ಟ ಕಡೆ ಬಿಗಿಹಿಡಿದು ನಿಲ್ಲಿಸುವುದಕ್ಕೆ. ಅದಿಲ್ಲದ ಲಿವರ್ ಎಂಜಿನ್ನಿನ ನಡುಕಕ್ಕೆ ಕೂದಲೆಳೆಯಷ್ಟೇ ಜಾರುತ್ತಾ ಬಂದು, ಸರಿಯಾಗಿ ಹಾಲಿನ ಡೇರಿ ಮುಂದೆ ಕಲ್ಟಿವೇಟರನ್ನು ಮಣ್ಣುರಸ್ತೆಗೆ ಇಳಿಸಿತು. ಗೌಡರು ಮುಂದೆ ನೋಡಿ ಮೀಸೆ ತಿರುವುತ್ತಿದ್ದರು. ಹಿಂದೆ ಇಪ್ಪತ್ತು ಅಡಿ ಉದ್ದಕ್ಕೆ ಒಂಬತ್ತು ಸಾಲು, ಅಚ್ಚುಕಟ್ಟಾಗಿ.

"ಗೌಡ್ರೆ, ಇಲ್ಲಿ ರಾಗಿನೋ ಅವರೆನೋ?" ಕ್ಯಾನು ಹಿಡಿದು ನಿಂತವರೊಬ್ಬರು ಕೇಳಿದರು.

ವಾಷರ್ ಜೇಬಿನಿಂದ ಸ್ವಸ್ಥಾನಕ್ಕೆ ಮರಳಿತು. ಅದರ ಮೇಲಿನ ಸ್ಪ್ರಿಂಗಿನ ನಟ್ಟು ಬಿಗಿದಷ್ಟು ಲಿವರ್ ಬಿಗಿ, ಸಡಿಲಿಸಿದಷ್ಟು ಸಡಿಲ. ಗೌಡರು ಎರಡು ಬೆರಳಿನ ಹದಕ್ಕೆ ತಂದು ನಿಲ್ಲಿಸಿದರು. ಕೆಲಸ ನಿಜಕ್ಕೂ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು.

ತೊಂದರೆ ಶುರುವಾದದ್ದು ಆಮೇಲೆ. ಲಿವರ್ ಸಲೀಸಾಯಿತೆಂಬ ಸುದ್ದಿ ಊರು ದಾಟಿತು. ಸೋಮವಾರ ಒಬ್ಬರು, "ಅರ್ಧ ದಿನ ಮ್ಯಾಸಿ ಕೊಡಿ ಗೌಡ್ರೆ." ಬುಧವಾರ ಇಬ್ಬರು. ಇಷ್ಟು ವರ್ಷ ಕೇಳಿ ಒಯ್ಯುವವರೇ ಇರಲಿಲ್ಲ, ಒಯ್ದರೂ ಎತ್ತುವವರಿರಲಿಲ್ಲ. ಶುಕ್ರವಾರ ಗಾಡಿ ಖಾಲಿ ಟ್ಯಾಂಕಿನೊಂದಿಗೆ ಮನೆಗೆ ಬಂತು. ಅದೇ ರಾತ್ರಿ ಭಾಮೈದ ಫೋನ್ ಮಾಡಿ, ನಾಳೆ ಬರ್ತೀನಿ, ಎರಡೇ ಎಕರೆ, ಎಂದ.

ಹತ್ತು ಗಂಟೆಗೆ ಗೌಡರು ನನ್ನ ಕಿಟಕಿ ತಟ್ಟಿ, "ಬ್ಯಾಟ್ರಿ ತಗೊಂಡ್ ಬಾರಪ್ಪ" ಎಂದರು. ನಟ್ಟಿಗೆ ಒಂದೂವರೆ ಸುತ್ತು.

ಬೆಳಿಗ್ಗೆ ಭಾಮೈದ ಸೀಟು ಹತ್ತಿ ಒಂದು ಕೈ ಹಾಕಿದ. ಆಮೇಲೆ ಎರಡು. "ಸರಿ ಮಾಡಿದ್ರಂತಲ್ಲ, ಭಾವ?"

"ಮಾಡಿವ್ನಿ ಕಣಪ್ಪ, ಗಟ್ಟಿ ಮಾಲು," ಗೌಡರು ಜಗಲಿಯಿಂದ ಕದಲದೆ ಹೇಳಿದರು. "ಮೊಣಕಾಲು ಕೊಡು. ಹಂಗೇ ಮನೆದೇವ್ರ ಹೆಸರೇಳು."